ಓಡದವರು ಹತ್ತು ಮಂದಿ ಬೇಕಾಗಿದ್ದಾರೆ

ನಮ್ಮ ಕಪ್ಚೆಲೆಲ್‌ನಲ್ಲಿ ರಸ್ತೆಯ ಮೇಲೆ ನಡೆದುಕೊಂಡು ಹೋಗುವವನನ್ನು ಕಂಡರೆ ಜನ ನಿಲ್ಲಿಸಿ, "ಯಾಕಪ್ಪಾ, ಮೈ ಹುಷಾರಿಲ್ವಾ?" ಎಂದು ವಿಚಾರಿಸುತ್ತಾರೆ. ಬೆಳಗ್ಗೆ ಆರಕ್ಕೆ ಕೆಂಪು ಮಣ್ಣಿನ ದಾರಿಯಲ್ಲಿ ನಲವತ್ತು ಜನ ಒಟ್ಟಿಗೆ ಓಡಿದರೆ ನನ್ನ ಚಹಾ ಹೋಟೆಲಿನ ಲೋಟಗಳು ತಾವಾಗಿಯೇ ಕಿಣಿಕಿಣಿ ಎನ್ನುತ್ತವೆ. ಕೆರಿಯೊ ಕಣಿವೆಯ ನೆತ್ತಿಯ ಮೇಲಿರುವ ಈ ಊರಿನಿಂದ ಹೊರಟವರು ಎಲ್ಲೆಲ್ಲಿಯ ಪಟ್ಟಣಗಳಲ್ಲೋ ಓಡಿ, ಗೆದ್ದು ಬಂದು, ಮಹಡಿ ಮನೆ ಕಟ್ಟಿಸಿ, ಕೆಳಗಿನ ಅಂಗಡಿಗಳನ್ನು ಬಾಡಿಗೆಗೆ ಕೊಟ್ಟಿದ್ದಾರೆ.

ಹಾಗಾದರೆ ಓಡದೆ ಉಳಿದವರು? ಅಂಥವರು ನಮ್ಮೂರಲ್ಲಿ ಇಲ್ಲ. ನಲವತ್ತು ದಾಟಿದ ಯಾವ ಗಂಡಸನ್ನು ಬೇಕಾದರೂ ಕೇಳಿ ನೋಡಿ. ತಾನೂ ಓಡುತ್ತಿದ್ದೆ, ಇನ್ನೇನು ವಿಮಾನ ಹತ್ತಬೇಕು ಅನ್ನುವಾಗ ಮೊಣಕಾಲು ಕೈಕೊಟ್ಟಿತು ಎನ್ನುತ್ತಾನೆ. ನನ್ನ ಲೆಕ್ಕದಲ್ಲಿ ಒಂದೇ ಹತ್ತು ವರ್ಷದೊಳಗೆ ನಮ್ಮೂರಿನ ಮುನ್ನೂರು ಮೊಣಕಾಲುಗಳು ಕೆಟ್ಟಿವೆ. ಇಷ್ಟು ದೊಡ್ಡ ಪಿಡುಗಿನ ಸುದ್ದಿ ಆಸ್ಪತ್ರೆಯವರಿಗೆ ಮಾತ್ರ ಇದುವರೆಗೂ ತಲುಪಿಲ್ಲ. ನನ್ನದೂ ಆಗಲೇ ಕೆಟ್ಟದ್ದು. ಎಡಗಡೆಯದು.

ನನ್ನ ಹೋಟೆಲಿನ ಎದುರಿಗೆ ಹಿಟ್ಟಿನ ಗಿರಣಿ ನಡೆಸುವ ಕಿಮೇಲಿಯದು ಬಲಗಡೆಯದು. ಅವನಿಗೆ ನಲವತ್ತೇಳು ವರ್ಷ. ಮುಖದ ಮೇಲೆ ಸದಾ ಜೋಳದ ಹಿಟ್ಟು, ಮುಂದೆ ಒಂದು ಹೊಟ್ಟೆ. ಆ ಹೊಟ್ಟೆಯ ಮೇಲೆ ಅವನು ಚಹಾದ ಲೋಟ ಇಟ್ಟುಕೊಂಡು ಕೈ ಬಿಟ್ಟರೂ ಲೋಟ ಬೀಳುವುದಿಲ್ಲ, ನಾನು ಕಣ್ಣಾರೆ ಕಂಡಿದ್ದೇನೆ. ಅವನ ಮೊಣಕಾಲು ಕೆಟ್ಟದ್ದು ಜಿಲ್ಲಾ ಓಟದ ಕೊನೆಯ ಸುತ್ತಿನಲ್ಲಂತೆ. ಮೊದಮೊದಲು ಈ ಕಥೆ ಹೇಳುವಾಗ ಅವನು ಐದನೆಯವನಾಗಿದ್ದ. ವರ್ಷ ಕಳೆದ ಹಾಗೆ ಮುಂದಿದ್ದ ನಾಲ್ವರನ್ನೂ ಒಬ್ಬೊಬ್ಬರನ್ನಾಗಿ ಹಿಂದೆ ಹಾಕಿ, ಈಚೆಗೆ ಅವನೇ ಮೊದಲನೆಯವನಾಗಿದ್ದ.

ಇದರಿಂದ ಯಾರಿಗೂ ನಷ್ಟವಿರಲಿಲ್ಲ. ಆದರೆ ಈ ವರ್ಷ ಅವನ ಮಗಳು ಜೆಬೆಟ್‌ಳಿಗೆ ಪಕ್ಕದ ಊರಿನ ಲಾಗಟ್ ಅವರ ಮಗನ ಜೊತೆ ಮಾತುಕತೆ ನಡೆಯಿತು. ಹುಡುಗ ಹುಡುಗಿ ಇಬ್ಬರೂ ಒಬ್ಬರಿಗೊಬ್ಬರು ಎರಡು ವರ್ಷದ ಹಿಂದೆಯೇ ಒಪ್ಪಿದ್ದರು. ಬಾಕಿ ಇದ್ದದ್ದು ಹಿರಿಯರು. ಲಾಗಟ್ ಅಂದರೆ ಆರಡಿ ಎತ್ತರದ ಆಳು, ಕೈಯಲ್ಲಿ ಬೆಳ್ಳಿಕಟ್ಟಿನ ಕೋಲು. ದನ ಎಷ್ಟು, ಕುಲ ಯಾವುದು ಎಂದು ಕೇಳುವ ಮೊದಲೇ, "ನಿಮ್ಮ ಮನೇಲಿ ಓಡಿದೋರು ಯಾರಿದ್ದಾರೆ?" ಎಂದು ಕೇಳಿದರು. ಕಿಮೇಲಿ ತನ್ನ ಮೊಣಕಾಲು ಸವರಿಕೊಂಡು ಕೊನೆಯ ಸುತ್ತಿನ ಕಥೆ ಹೇಳಿದ. ಲಾಗಟ್ ತಮ್ಮ ಮೊಣಕಾಲು ಸವರಿಕೊಂಡು, "ನನಗೆ ಅರ್ಥ ಆಗುತ್ತೆ ಬೀಗರೇ. ಓಡದೇ ಇರೋರ ಮನೆಯಿಂದ ಹೆಣ್ಣು ತರಬಾರ್ದು ಅಂತ ನಮ್ಮಪ್ಪ ಹೇಳಿ ಸತ್ತರು," ಎಂದರು. ತಿಂಗಳ ಕೊನೆಯ ಶನಿವಾರ ನಿಶ್ಚಿತಾರ್ಥ ಎಂದು ಗೊತ್ತಾಯಿತು.

ಅದೇ ತಿಂಗಳು ಡೆನ್ಮಾರ್ಕಿನಿಂದ ಕ್ರೀಡಾ ವಿಜ್ಞಾನದ ಹನ್ನೆರಡು ವಿದ್ಯಾರ್ಥಿಗಳು, ಅವರ ಪ್ರೊಫೆಸರ್ ಹೋಲ್ಗರ್ ಎಂಬುವರ ಜೊತೆ, ಮೂರೂವರೆ ವಾರದ ಓದಿಗೆಂದು ನಮ್ಮೂರಿಗೆ ಬಂದಿಳಿದರು. ಇದು ನಮಗೆ ಹೊಸದಲ್ಲ. ವರ್ಷಕ್ಕೊಂದು ತಂಡ ಬರುತ್ತದೆ. ಒಬ್ಬರು ನಮ್ಮ ಮೀನಖಂಡ ಅಳೆದುಕೊಂಡು ಹೋದರು, ಇನ್ನೊಬ್ಬರು ಹಿಮ್ಮಡಿ ಅಳೆದರು, ಮತ್ತೊಬ್ಬರು ನಾವು ಉಣ್ಣುವ ಜೋಳದ ಮುದ್ದೆ ಉಗಾಲಿಯನ್ನು ಡಬ್ಬಿಯಲ್ಲಿ ತುಂಬಿಸಿಕೊಂಡು ಹೋದರು. ಹೊರಗಿನವರನ್ನು ಕಂಡರೆ ನಮ್ಮ ಶಾಲೆಯ ಮಕ್ಕಳು ಹೇಳಿಸಿಕೊಳ್ಳದೆಯೇ ಕಾಲು ಮುಂದೆ ಚಾಚಿ ನಿಲ್ಲುತ್ತವೆ.

ಆದರೆ ಈ ತಂಡದ ಬೇಡಿಕೆ ಬೇರೆಯಾಗಿತ್ತು. ನಮ್ಮೂರಿಗೆ ಸರಕಾರ ನೇಮಿಸಿದ ಚೀಫ್ ಕೊಮೆನ್ ತಮ್ಮ ಕಚೇರಿಯ ಮುಂದಿನ ಮರದಡಿ ಊರ ಸಭೆ ಕರೆದಿದ್ದರು. ಪ್ರೊಫೆಸರು ಎದ್ದು, ತಮಗೆ ಓಡುವವರು ಹತ್ತು ಮಂದಿ ಬೇಕು ಎಂದರು. ಐವತ್ತು ಜನ ಎದ್ದು ನಿಂತರು. ಅವರಲ್ಲಿ ಹತ್ತು ಮಂದಿಯನ್ನು ಆರಿಸಿ, ಮಣಿಕಟ್ಟಿಗೆ ಎದೆಬಡಿತ ಲೆಕ್ಕ ಹಾಕುವ ಕಪ್ಪು ಗಡಿಯಾರ ಕಟ್ಟಿದ್ದಾಯಿತು. ಆಮೇಲೆ ಪ್ರೊಫೆಸರು, "ಇನ್ನು, ಈ ಸುತ್ತಮುತ್ತಲ ಊರಲ್ಲೇ ಹುಟ್ಟಿ ಬೆಳೆದು, ಯಾವತ್ತೂ ಓಡದೇ ಇರೋರು ಹತ್ತು ಮಂದಿ ಬೇಕು. ಇವರನ್ನ ಅವರ ಜೊತೆ ಹೋಲಿಸಬೇಕು," ಎಂದರು.

ಕೂತವರೆಲ್ಲ ಕಾಲು ಮಡಚಿ ಒಳಕ್ಕೆ ಎಳೆದುಕೊಂಡರು. ಎಂಬತ್ತು ದಾಟಿದ ಒಬ್ಬ ಅಜ್ಜಿ ಕೋಲೂರಿ ಎದ್ದು, "ಹೋದ ವಾರ ನಾನು ಆಡಿನ ಹಿಂದೆ ಓಡಿದ್ದೀನಿ. ನನ್ನ ಹೆಸರು ಹಾಕಬೇಡಿ," ಎಂದು ಕೂತಳು.

ಚೀಫ್ ಕೊಮೆನ್ ಗಂಟಲು ಸರಿಮಾಡಿಕೊಂಡರು. "ಪ್ರೊಫೆಸರೇ, ನೀವು ತಪ್ಪು ಊರಿಗೆ ಬಂದಿದ್ದೀರಿ. ಅಂಥ ಜನ ಬೇಕಿದ್ರೆ ಕೆಳಗಡೆ ಎಲ್ಲಾದ್ರೂ ಸಿಗ್ತಾರೆ. ನಮ್ಮಲ್ಲಿ ನಾನೇ ಓಡ್ತಿದ್ದೆ, ಮೊಣಕಾಲು..."

ಓಡದವರನ್ನು ಹುಡುಕುವ ಕೆಲಸ ಸಿಗ್ನೆ ಎಂಬ ಹುಡುಗಿಯ ಪಾಲಿಗೆ ಬಂದಿತ್ತು. ಅದೇ ಅವಳ ಪರೀಕ್ಷೆ. ಹತ್ತು ಮಂದಿ ಸಿಗದಿದ್ದರೆ ಅವಳ ವರ್ಷ ಹೋದಂತೆ. ಪಾಪ, ನಾಲ್ಕು ದಿನ ಮನೆಮನೆ ಸುತ್ತಿ, ಮನೆಗೊಂದರಂತೆ ಮೊಣಕಾಲಿನ ಕಥೆ ಬರೆದುಕೊಂಡು, ಐದನೆಯ ದಿನ ಕಿಮೇಲಿಯ ಗಿರಣಿಗೆ ಬಂದಳು. ವಿದ್ಯುತ್ ಹೋಗಿತ್ತು. ಕಿಮೇಲಿ ಮೂಟೆಗಳ ಮೇಲೆ ಒರಗಿಕೊಂಡಿದ್ದ. ಅವಳ ಕಣ್ಣಲ್ಲಿ ನೀರಿತ್ತು. ಆಮೇಲೆ ನಡೆದದ್ದನ್ನು ಅವನೇ ನನಗೆ ಹೇಳಿದ್ದು.

"ಅಳಬೇಡಮ್ಮಾ. ನೀನು ಇನ್ನೆಷ್ಟು ದಿನ ಇರ್ತೀಯಾ ಇಲ್ಲಿ?" ಎಂದನಂತೆ.

"ಹತ್ತೊಂಬತ್ತು ದಿನ."

"ಆಮೇಲೆ ವಾಪಸ್ ಬರಲ್ಲ ತಾನೇ?"

"ಇಲ್ಲ."

"ಹಾಗಿದ್ರೆ ಒಂದು ಸತ್ಯ ಹೇಳ್ತೀನಿ. ಯಾರ ಹತ್ರಾನೂ ಬಾಯಿ ಬಿಡಬಾರ್ದು. ನಾನು ಓಡಿಲ್ಲ."

"ಈಚೆಗಾ?"

"ಹುಟ್ಟಿದಾಗಿಂದ."

ಅವಳು ಪುಸ್ತಕ ತೆಗೆದಳು. "ಬಸ್ಸು ಹೊರಟಾಗ?"

"ಇನ್ನೊಂದು ಬರುತ್ತೆ."

"ಮಳೆ ಬಂದಾಗ?"

"ನೆನೀತೀನಿ."

"ನಾಯಿ ಅಟ್ಟಿಸ್ಕೊಂಡು ಬಂದ್ರೆ?"

"ನಿಂತ್ಕೋತೀನಿ. ನಮ್ಮೂರ ನಾಯಿಗಳು ನಿಂತೋರನ್ನ ನೋಡಿಲ್ಲ. ಏನು ಮಾಡೋದು ಅಂತ ಗೊತ್ತಾಗದೆ ಹೊರಟುಹೋಗ್ತವೆ."

ಸಿಗ್ನೆಗೆ ಸಂತೋಷ ತಡೆಯಲಾಗಲಿಲ್ಲ. ಅವನ ಎರಡೂ ಕೈ ಹಿಡಿದು ಕುಲುಕಿದಳು. ಗಿರಣಿಯ ಬಾಗಿಲಿಗೆ ಕರೆತಂದು, ಬೆಳಕಿನಲ್ಲಿ ಅವನ ಮಣಿಕಟ್ಟಿಗೆ ಕಪ್ಪು ಗಡಿಯಾರ ಕಟ್ಟಿದಳು. ಉಸಿರು ಅಳೆಯುವ ಯಂತ್ರ ದಾರಿಯಲ್ಲಿ ಯಾವುದೋ ಕಚೇರಿಯಲ್ಲಿ ಕೂತುಬಿಟ್ಟಿದೆ, ಅದು ಬರುವವರೆಗೆ ನೀವು ಹೇಗಿದ್ದೀರೋ ಹಾಗೇ ಇರಬೇಕು, ಒಂದು ಹೆಜ್ಜೆಯೂ ಓಡಬಾರದು ಎಂದು ಮಾತು ತೆಗೆದುಕೊಂಡಳು. ಕಿಮೇಲಿ ಎದೆಯ ಮೇಲೆ ಕೈಯಿಟ್ಟು ಮಾತು ಕೊಟ್ಟ.

ಇಷ್ಟೆಲ್ಲವನ್ನೂ ನನ್ನ ಹೋಟೆಲಿನಲ್ಲಿ ಕೂತ ಹನ್ನೊಂದು ಜನ ನೋಡಿದರು. ಮಾತು ಕೇಳಿಸಲಿಲ್ಲ, ಗಡಿಯಾರ ಕಂಡಿತು. ಆ ಗಡಿಯಾರ ಕಟ್ಟುವುದು ಊರಿನ ಅತಿ ಒಳ್ಳೆಯ ಓಟಗಾರರಿಗೆ ಎಂಬುದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಿತ್ತು.

ಕಿಮೇಲಿ ಚಹಾಕ್ಕೆ ಬಂದಾಗ ಚೀಫ್ ಕೊಮೆನ್ ಅವನ ಮಣಿಕಟ್ಟನ್ನೇ ನೋಡುತ್ತಾ, "ಏನಯ್ಯಾ ಇದು? ನಿನ್ನನ್ನ ಆರಿಸಿದ್ರಾ?" ಎಂದರು.

ಅವನು ಆಗ ಸತ್ಯ ಹೇಳಬಹುದಿತ್ತು. ಸುಮ್ಮನಾದರೂ ಇರಬಹುದಿತ್ತು. ಮನುಷ್ಯನ ನಾಲಿಗೆ ಎಂಥ ಚೇಷ್ಟೆಯ ಪ್ರಾಣಿ ಎಂಬುದನ್ನು ನಾನು ಇಪ್ಪತ್ತು ವರ್ಷದಿಂದ ಚಹಾ ಮಾರುತ್ತಾ ಕಂಡಿದ್ದೇನೆ. ಕಿಮೇಲಿ ತೋಳು ಸ್ವಲ್ಪ ಮೇಲಕ್ಕೆ ಸರಿಸಿ, ಗಡಿಯಾರ ಚೆನ್ನಾಗಿ ಕಾಣುವಂತೆ ಲೋಟ ಎತ್ತಿ, "ಎಲ್ಲರನ್ನೂ ಆರಿಸಲ್ಲ ಅವರು," ಎಂದುಬಿಟ್ಟ.

ಸಂಜೆಯೊಳಗೆ ಸುದ್ದಿ ಕಣಿವೆ ಇಳಿದು ಆಚೆ ದಡ ಹತ್ತಿತು. ಮರುದಿನ ಮುಂಜಾನೆ ಕೋಚ್ ಬಾರ್ನ್‌ಗೆಟುನಿ ಗಿರಣಿಗೆ ಬಂದರು. ಅರವತ್ತು ವರ್ಷದ ಈ ಮನುಷ್ಯ ಕೊರಳಲ್ಲಿ ಸೀಟಿ ಇಲ್ಲದೆ ಚರ್ಚಿಗೂ ಹೋಗುವುದಿಲ್ಲ. ನಮ್ಮೂರ ನಲವತ್ತು ಓಟಗಾರರೂ ಅವರ ಕೈಯಲ್ಲೇ ಪಳಗಿದವರು. "ಕಿಮೇಲಿ, ನಿನ್ನೊಳಗೆ ಇಂಥದ್ದಿದೆ ಅಂತ ನಮಗೆ ಗೊತ್ತಾಗ್ಲಿಲ್ಲ. ಬಿಳಿಯರ ಕಣ್ಣಿಗೆ ಬಿತ್ತು ನೋಡು. ನಾಳೆಯಿಂದ ನಮ್ಮ ಜೊತೆ ಬಾ," ಎಂದರು.

"ಬರೋಕಾಗಲ್ಲ ಕೋಚ್. ಓಡಬಾರ್ದು ಅಂತ ಹೇಳಿದ್ದಾರೆ."

"ಯಾರು?"

"ಡೆನ್ಮಾರ್ಕಿನೋರು."

ಕೋಚ್ ಎರಡು ಹೆಜ್ಜೆ ಹಿಂದೆ ಸರಿದು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರ ಓಟಗಾರರಲ್ಲಿ ಹತ್ತು ಮಂದಿಗೆ ಅದೇ ಗಡಿಯಾರ ಕಟ್ಟಿದ್ದರು, ಅವರಿಗೆ ಓಡಬೇಡಿ ಎಂದಿರಲಿಲ್ಲ. ಇವನೊಬ್ಬನಿಗೆ ಮಾತ್ರ ಏಕೆ? ಆ ದಿನ ಚೀಫ್ ಕಚೇರಿಯಲ್ಲಿ ಬಾಗಿಲು ಹಾಕಿಕೊಂಡು ಮೂರು ಗಂಟೆ ಸಮಾಲೋಚನೆ ನಡೆಯಿತು. ಒಳಗೆ ಚಹಾ ಕೊಡಲು ಹೋದವನು ನಾನೇ, ಆದ್ದರಿಂದ ಎಲ್ಲವೂ ಗೊತ್ತು. "ಅವನು ಓಡಿದ್ರೆ ಅವರ ದೇಶದೋರಿಗೆ ಏನೋ ತೊಂದರೆ ಇದೆ," ಎಂದರು ಕೋಚ್. "ಇಲ್ಲದಿದ್ರೆ ಅಷ್ಟು ದೂರದಿಂದ ಬಂದು, ಹಿಟ್ಟು ಬೀಸೋನನ್ನ ಹುಡುಕಿ, ಕೈಹಿಡಿದು, ಓಡಬೇಡಪ್ಪಾ ಅಂತ ಯಾರು ಬೇಡ್ಕೋತಾರೆ? ಆ ಹುಡುಗಿ ಅತ್ತಿದ್ದನ್ನ ನೋಡಿದೋರಿದ್ದಾರೆ."

ಚೀಫ್ ಮೇಜು ಗುದ್ದಿದರು. "ನಮ್ಮ ಪ್ರತಿಭೇನ ಬೇರೆಯವರು ಬಂದು ಮೂಟೆ ಮೇಲೆ ಕೂರಿಸಿ ಹೋಗೋದು ಅಂದ್ರೇನು? ಅವನು ಓಡಲೇಬೇಕು. ಬೆಳಗಾಗೋ ಮುಂಚೆ, ಅವರಿಗೆ ಗೊತ್ತಾಗದ ಹಾಗೆ."

ಅದೇ ಮಧ್ಯಾಹ್ನ ಲಾಗಟ್ ಬಂದರು. ಕಂಕುಳಲ್ಲಿ ಸೋರೆಬುರುಡೆ ತುಂಬ ಮುರ್ಸಿಕ್ ತಂದಿದ್ದರು. ಆ ಹುಳಿಹಾಲನ್ನು ನಾವು ವಿಮಾನ ನಿಲ್ದಾಣಕ್ಕೆ ಒಯ್ದು ಗೆದ್ದು ಬಂದವರಿಗೆ ಕುಡಿಸುತ್ತೇವೆ. ಲಾಗಟ್ ಗಿರಣಿಯ ಬಾಗಿಲಲ್ಲೇ, ಸರದಿಯಲ್ಲಿ ನಿಂತ ಹೆಂಗಸರೆಲ್ಲರ ಎದುರಿಗೆ, ಕಿಮೇಲಿಯ ಗಲ್ಲ ಎತ್ತಿ ಬುರುಡೆ ಬಗ್ಗಿಸಿದರು. "ನಮ್ಮ ಬೀಗರನ್ನ ಯುರೋಪೇ ಹೆದರ್ಕೊಂಡು ಕೂರಿಸಿದೆ. ನಮ್ಮ ಊರಲ್ಲಿ ನಾನು ಈಗ ತಲೆ ಎತ್ಕೊಂಡು ಓಡಾಡ್ತೀನಿ," ಎಂದರು. ಹಾಲು ಕಿಮೇಲಿಯ ಗಲ್ಲದಿಂದ ಹಿಟ್ಟಿನ ಮೇಲೆ ಇಳಿಯಿತು. ಅವನು ನನ್ನ ಕಡೆ ನೋಡಿದ ನೋಟವನ್ನು ಮಾರಿಗೆ ಬಿಟ್ಟ ಕುರಿಯಲ್ಲಿ ಮಾತ್ರ ಕಾಣಬಹುದು.

ಮರುದಿನ ಬೆಳಗ್ಗೆ ಐದೂವರೆಗೆ ಕೋಚ್ ಬಾರ್ನ್‌ಗೆಟುನಿ ನಲವತ್ತು ಓಟಗಾರರೊಂದಿಗೆ ಕಿಮೇಲಿಯ ಮನೆಯ ಮುಂಬಾಗಿಲಿಗೆ ಬಂದು ನಿಂತರು.

ಅತ್ತ ದರಿ ಇತ್ತ ಹುಲಿ ಅನ್ನುತ್ತಾರಲ್ಲ, ನಮ್ಮೂರಲ್ಲಿ ದರಿ ನಿಜವಾಗಿಯೂ ಇದೆ. ಬರುವುದಿಲ್ಲ ಎಂದರೆ ಮೊಣಕಾಲಿನ ಗುಟ್ಟು ಬಯಲಾಗಿ ಮಗಳ ಮದುವೆ ಮುರಿಯುತ್ತದೆ. ಬರುತ್ತೇನೆ ಎಂದರೆ ಪರದೇಶದ ಹುಡುಗಿಗೆ ಕೊಟ್ಟ ಮಾತು ಮುರಿಯುತ್ತದೆ. ಕಿಮೇಲಿ ಹುಲಿಗಿಂತ ದರಿಯೇ ವಾಸಿ ಎಂದು ತೀರ್ಮಾನಿಸಿದ. ಹಿತ್ತಲ ಬೇಲಿ ಹಾರಿ ಕಣಿವೆಗೆ ಇಳಿದ.

ಕಣಿವೆಯ ತಳದಲ್ಲಿ ಅವನ ತಂಗಿ ಜೆಮುತಾಯ್ ಮಾವಿನ ತೋಟ ಮಾಡಿಕೊಂಡಿದ್ದಾಳೆ. ಅಲ್ಲಿಗೆ ಇಳಿಯಲು ನಮ್ಮಂಥವರಿಗೆ ಎರಡು ಗಂಟೆ ಬೇಕು, ಹತ್ತಲು ಮೂರು. ಹತ್ತುವಾಗ ನಡುವೆ ಕೂತು ದೇವರನ್ನು ನೆನೆಯುವ ಹೊತ್ತು ಬೇರೆ. ಮೊದಲ ದಿನ ಕಿಮೇಲಿ ಮಧ್ಯಾಹ್ನ ಹನ್ನೆರಡಕ್ಕೆ ಬಂದ. ಗಿರಣಿಯ ಮುಂದೆ ಜೋಳದ ಡಬ್ಬಿ ಹಿಡಿದ ಹೆಂಗಸರು ಅವನ ಹೆಂಡತಿ ಸೆಲೀನಾಳಿಗೆ ಹೇಳಬಾರದ್ದನ್ನೆಲ್ಲ ಹೇಳಿದ್ದರು, ಅವಳು ಅದನ್ನೆಲ್ಲ ಇವನಿಗೆ ದಾಟಿಸಿದಳು. ಆದ್ದರಿಂದ ಮರುದಿನ ಹತ್ತೂವರೆಗೇ ಬಂದ. ಅದರ ಮರುದಿನ ಹತ್ತಕ್ಕೆ.

ಕೋಚ್ ಬಿಡುವ ಆಸಾಮಿಯಲ್ಲ. ಅವರು ಐದಕ್ಕೇ ಬಂದರು. ಇವನು ನಾಲ್ಕೂಮುಕ್ಕಾಲಿಗೇ ಬೇಲಿ ಹಾರಿದ.

ಇದರ ನಡುವೆ ಅವನಿಗೆ ಗಡಿಯಾರದ ಚಿಂತೆ ಹತ್ತಿತು. "ಚುಮೋ, ನಾನು ಓಡ್ತಿಲ್ಲ, ಬೇಗ ಬೇಗ ನಡೀತಿದ್ದೀನಿ ಅಷ್ಟೆ. ಆದ್ರೆ ಈ ದರಿದ್ರ ಗಡಿಯಾರಕ್ಕೆ ಅದು ಗೊತ್ತಾಗುತ್ತಾ? ಎದೆ ಹೊಡ್ಕೊಳ್ಳೋದನ್ನ ಲೆಕ್ಕ ಇಟ್ಟು ಆ ಹುಡುಗಿಗೆ ಚಾಡಿ ಹೇಳಿಬಿಟ್ರೆ?" ಎಂದು ನನ್ನನ್ನು ಕೇಳಿದ. ಆಮೇಲೆ ಅದನ್ನು ಬಿಚ್ಚಿ ನನ್ನ ಮಣಿಕಟ್ಟಿಗೆ ಕಟ್ಟಿದ. ನಾನು ಬೆಳಗಿನಿಂದ ಸಂಜೆವರೆಗೆ ಒಲೆಯ ಪಕ್ಕ ಒಂದೇ ಸ್ಟೂಲಿನ ಮೇಲೆ ಕೂರುವವನು. ಲೋಟ ತೊಳೆಯುವುದಕ್ಕೂ ಏಳುವುದಿಲ್ಲ, ಬಾನಿಯನ್ನೇ ಹತ್ತಿರ ಎಳೆದುಕೊಂಡಿದ್ದೇನೆ. ಸಿಗ್ನೆ ಎರಡು ದಿನಕ್ಕೊಮ್ಮೆ ಬರುವ ಹೊತ್ತಿಗೆ ಅವನು ಗಡಿಯಾರ ಮತ್ತೆ ಕಟ್ಟಿಕೊಂಡು ಮೂಟೆಯ ಮೇಲೆ ಕೂತಿರುತ್ತಿದ್ದ. ಅವಳು ಅಂಕಿಗಳನ್ನು ನೋಡಿ ಬೆರಗಾಗುತ್ತಿದ್ದಳು. "ಪ್ರೊಫೆಸರೇ ಹೇಳಿದ್ರು, ಇಷ್ಟು ನಿಶ್ಚಲವಾಗಿರೋ ಮನುಷ್ಯನ್ನ ಅವರು ತಮ್ಮ ಜೀವಮಾನದಲ್ಲೇ ನೋಡಿಲ್ವಂತೆ," ಎಂದು ಅವನ ಬೆನ್ನು ತಟ್ಟಿದಳು. ಎದುರು ಹೋಟೆಲಿನಲ್ಲಿ ಕೂತ ನನಗೆ ಹೆಮ್ಮೆಯಿಂದ ಎದೆ ಸ್ವಲ್ಪ ಬಡಿದುಕೊಂಡಿತು. ಪುಣ್ಯಕ್ಕೆ ಆಗ ಗಡಿಯಾರ ನನ್ನ ಕೈಯಲ್ಲಿರಲಿಲ್ಲ.

ಹೀಗೆ ಎರಡು ವಾರ. ಕಿಮೇಲಿ ಓಟದಿಂದ ತಪ್ಪಿಸಿಕೊಂಡಷ್ಟೂ ಊರಿನಲ್ಲಿ ಅವನ ಓಟದ ಕೀರ್ತಿ ಬೆಳೆಯಿತು. ಐದಕ್ಕೆ ಹೋದರೂ ಹಾಸಿಗೆ ಖಾಲಿ, ಅಂದರೆ ಅವನು ಒಬ್ಬನೇ ಎಲ್ಲೋ ಗುಪ್ತವಾಗಿ ಅಭ್ಯಾಸ ಮಾಡುತ್ತಾನೆ ಎಂದರು ಜನ. ಮೂಟೆಯ ಮೇಲೆ ಒರಗಿ ಕೂರುವುದೇ ಗುಟ್ಟು ಎಂದು ನಂಬಿ ಇಬ್ಬರು ಓಟಗಾರರು ಅವನ ಪಕ್ಕ ಮೂಟೆ ಹಾಕಿಕೊಂಡು ಒರಗಿದರು. ಕೋಚ್ ಬಂದು ಸೀಟಿಯ ದಾರದಿಂದ ಬಾರಿಸಿ ಎಬ್ಬಿಸಿಕೊಂಡು ಹೋದರು. ಕಿಮೇಲಿಯ ಹೊಟ್ಟೆಯ ಮೇಲೆ ಲೋಟ ನಿಲ್ಲದಂತಾದದ್ದನ್ನು ಮಾತ್ರ ನಾನೊಬ್ಬನೇ ಗಮನಿಸಿದೆ. ಚಿಂತೆಗೆ ಇಳಿದಿದ್ದಾನೆ ಎಂದುಕೊಂಡೆ.

ಹತ್ತೊಂಬತ್ತನೆಯ ದಿನ, ಮಂಗಳವಾರ, ಯಂತ್ರ ಬಂತು. ಅವತ್ತೇ ಸಂಜೆ ಶಾಲೆಯ ಸಭಾಂಗಣದಲ್ಲಿ ಊರನ್ನೆಲ್ಲ ಸೇರಿಸಿದರು. ಲಾಗಟ್ ಅವರನ್ನೂ ಕರೆಸಿದ್ದರು. ಅವರು ಮುಂದಿನ ಸಾಲಿನಲ್ಲಿ ಕೋಲಿನ ಮೇಲೆ ಗಲ್ಲ ಊರಿ ಕೂತಿದ್ದರು. ಪ್ರೊಫೆಸರು ಎದ್ದು ನಿಂತು, ಭಾನುವಾರ ನಾವು ಹೊರಡುತ್ತೇವೆ, ನಿಮ್ಮ ಆತಿಥ್ಯ ಮರೆಯಲಾಗದ್ದು ಎಂದರು. ಆಮೇಲೆ ಅವರ ದನಿ ಇಳಿಯಿತು. "ಓಡುವವರು ಹತ್ತು ಮಂದಿ ತಯಾರಿದ್ದಾರೆ. ಓಡದವರಲ್ಲಿ ನಮಗೆ ಒಬ್ಬರೇ ಸಿಕ್ಕಿದ್ದು. ಅವರ ಹೆಸರು ಹೇಳೋದಿಲ್ಲ ಅಂತ ಸಿಗ್ನೆ ಮಾತು ಕೊಟ್ಟಿದ್ದಾಳೆ. ಆದರೆ ಒಬ್ಬರಿಂದ ಪ್ರಯೋಜನವಿಲ್ಲ. ಅವಳ ಕೆಲಸ ಇಲ್ಲಿಗೆ ನಿಲ್ಲಿಸ್ತಿದ್ದೀವಿ."

ಸಿಗ್ನೆ ಮೂಲೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಯಾರಿಗೂ ಅವಳ ಕಡೆ ಗಮನವಿರಲಿಲ್ಲ. ನಮ್ಮೂರಲ್ಲಿ ಓಡದವನೊಬ್ಬ ಇದ್ದಾನೆ ಎಂಬ ಸುದ್ದಿಗೇ ಸಭಾಂಗಣ ಗೊಳ್ಳೆಂದಿತು.

"ಯಾವನಪ್ಪಾ ಅವನು?" ಎಂದರು ಚೀಫ್. "ನಮ್ಮ ಹೆಸರಿಗೆ ಮಸಿ ಬಳಿಯೋಕೆ ಹುಟ್ಟಿದೋನು."

"ಅಂಥವನಿಗೆ ಹೆಣ್ಣು ಕೊಟ್ಟೋರು ಯಾರು ಅಂತ ಕೇಳಿ ಮೊದಲು," ಎಂದು ಲಾಗಟ್ ಕೋಲು ಕುಟ್ಟಿ ಎಲ್ಲರಿಗಿಂತ ಜೋರಾಗಿ ನಕ್ಕರು.

ಕಿಮೇಲಿ ಎದ್ದು ನಿಂತ. ಪಕ್ಕದಲ್ಲಿದ್ದ ನಾನು ಅವನ ಅಂಗಿ ಹಿಡಿದು ಎಳೆದೆ, ಕೂತ್ಕೊಳ್ಳೋ ಎಂದೆ. ನಾಲ್ಕು ದಿನ ಬಾಯಿ ಮುಚ್ಚಿಕೊಂಡಿದ್ದರೆ ನಿಶ್ಚಿತಾರ್ಥ ಮುಗಿಯುತ್ತಿತ್ತು, ಹುಡುಗಿ ವಿಮಾನ ಹತ್ತುತ್ತಿದ್ದಳು, ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು.

"ಅವನು ನಾನು," ಎಂದ. "ಜಿಲ್ಲಾ ಓಟಕ್ಕೆ ನಾನು ಹೋಗಿದ್ದು ನಿಜ. ಕಡಲೆಕಾಯಿ ಮಾರೋಕೆ ಹೋಗಿದ್ದೆ. ನನ್ನ ಮೊಣಕಾಲಿಗೆ ಏನೂ ಆಗಿಲ್ಲ. ಎರಡೂ ಚೆನ್ನಾಗಿವೆ. ಬೀಗರೇ, ನಿಮಗೆ ಸುಳ್ಳು ಹೇಳಿದೆ, ತಪ್ಪಾಯ್ತು. ಆ ಹುಡುಗಿ ನನ್ನಂಥೋರಿಗೋಸ್ಕರ ನಮ್ಮೂರ ಎಲ್ಲರ ಬಾಗಿಲೂ ತಟ್ಟಿದ್ದಾಳೆ. ನಾವು ಒಬ್ಬರಾದ್ರೂ ಬಾಗಿಲು ತೆಗೀಬೇಕಿತ್ತು."

ಜೆಬೆಟ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಲಾಗಟ್ ನಿಧಾನವಾಗಿ ಕೋಲೂರಿ ಎದ್ದರು. ಮದುವೆ ಮುರಿಯಿತು ಎಂದು ನಾನು ಕಣ್ಣು ಮುಚ್ಚಿಕೊಂಡೆ.

"ನನ್ನ ಮೊಣಕಾಲೂ ಚೆನ್ನಾಗಿದೆ," ಎಂದರು ಲಾಗಟ್.

ಅವರು ಮುಂದುವರಿಸಿದರು. "ನಮ್ಮಪ್ಪ ಓಡದೋರ ಮನೆ ಹೆಣ್ಣು ಬೇಡ ಅಂತ ಹೇಳಿದ್ದು ನಿಜ. ಹೇಳುವಾಗ ನನ್ನನ್ನೇ ನೋಡ್ತಿದ್ರು. ಈ ಕೋಲು ನನಗೆ ಬೇಕಾಗೇ ಇಲ್ಲ. ಇಪ್ಪತ್ತು ವರ್ಷದಿಂದ ಸುಮ್ಮನೆ ಹೊತ್ಕೊಂಡು ತಿರುಗ್ತಿದ್ದೀನಿ, ಭುಜ ಬಿದ್ದುಹೋಗಿದೆ."

ಹಿಂದಿನ ಸಾಲಿನಲ್ಲಿ ಒಂದು ಬೆಂಚು ಕಿರುಗುಟ್ಟಿತು. ದರ್ಜಿ ಎದ್ದ. ಪಾದ್ರಿಗಳು ಎದ್ದರು. ಕಸಾಯಿಯವನು ಎದ್ದ, ಬೈಕ್ ಟ್ಯಾಕ್ಸಿಯವರು ನಾಲ್ವರು ಒಟ್ಟಿಗೆ ಎದ್ದರು. ನಾನೂ ಎದ್ದೆ ಎಂದು ಹೇಳಲು ನಾಚಿಕೆಯಿಲ್ಲ. ಸ್ವಲ್ಪ ತಡವಾಗಿ ಎದ್ದೆ ಎಂಬುದಕ್ಕೆ ನಾಚಿಕೆಯಿದೆ. ಕೊನೆಗೆ ಚೀಫ್ ಕೊಮೆನ್ ಟೋಪಿ ತೆಗೆದು ಕೈಯಲ್ಲಿ ಹಿಡಿದು, "ಸರಕಾರಿ ನೌಕರನಾಗಿ ನಾನು ಹೇಳಬಾರ್ದು," ಎಂದು ಎದ್ದರು. ಸಿಗ್ನೆ ಎಣಿಸಿದಳು. ಮೂವತ್ತೇಳು ಮಂದಿ. ಅವಳು ಅಳುತ್ತಾ ನಗುತ್ತಾ ಮತ್ತೆ ಎಣಿಸಿದಳು.

ಬೇಕಾದದ್ದು ಹತ್ತು ಮಂದಿ ಎಂದು ಪ್ರೊಫೆಸರು ಹೇಳಿದ್ದೇ ತಡ, ನಮ್ಮ ಜನರ ಒಳಗಿದ್ದ ಕ್ರೀಡಾಮನೋಭಾವ ಕೆರಳಿತು.

"ನಾನು ಶಾಲೇಲಿ ಗಂಟೆ ಹೊಡೆದಾಗ್ಲೂ ನಡ್ಕೊಂಡೇ ಹೋಗ್ತಿದ್ದೆ," ಎಂದ ದರ್ಜಿ.

"ನೀನು ಶಾಲೆಗಾದ್ರೂ ಹೋಗ್ತಿದ್ದೆ," ಎಂದ ಕಸಾಯಿಯವನು. "ನಾನು ಅದಕ್ಕೂ ಎದ್ದಿಲ್ಲ."

"ನಮ್ಮ ಮನೆಗೆ ಬೆಂಕಿ ಬಿದ್ದಾಗ ನಾನು ನಡೆದು ಆಚೆ ಬಂದಿದ್ದು. ಸಾಕ್ಷಿ ಇದ್ದಾರೆ," ಎಂದರು ಪಾದ್ರಿಗಳು.

ಹೀಗೆ ಜಗಳವಾಗಿ, ಬೈಕ್ ಟ್ಯಾಕ್ಸಿಯವರು ತೋಳೇರಿಸುವಷ್ಟಾದ ಮೇಲೆ ಚೀಟಿ ಎತ್ತಿದರು. ಕಿಮೇಲಿ ಹೇಗೂ ಮೊದಲನೆಯವನು. ಲಾಗಟ್, ಚೀಫ್ ಮುಂತಾದ ಒಂಬತ್ತು ಮಂದಿಗೆ ಸ್ಥಾನ ಸಿಕ್ಕಿತು. ನನ್ನ ಚೀಟಿ ಬರಲಿಲ್ಲ. ಊರಿನಲ್ಲೇ ಅತಿ ನಿಶ್ಚಲ ಎದೆಯ ಮನುಷ್ಯ ಹೊರಗುಳಿದ. ನ್ಯಾಯ ಎಲ್ಲಿದೆ ಎಂದು ಅವತ್ತು ರಾತ್ರಿ ಉಗಾಲಿ ಸೇರಲಿಲ್ಲ. ಪರೀಕ್ಷೆ ಬುಧವಾರದಿಂದ ಶನಿವಾರದವರೆಗೆ. ಕೊನೆಯ ಸರದಿ ಲಾಗಟ್ ಅವರದು, ಶನಿವಾರ ಮಧ್ಯಾಹ್ನ, ನಿಶ್ಚಿತಾರ್ಥ ಮುಗಿದ ಮೇಲೆ. ಅಲ್ಲಿಯವರೆಗೆ ಯಾರೂ ಓಡಕೂಡದು ಎಂದು ಎಲ್ಲರಿಂದ ರುಜು ಹಾಕಿಸಿಕೊಂಡರು.

ಬುಧವಾರ ಮೊದಲ ಸರದಿ ಕಿಮೇಲಿಯದು. ಶಾಲೆಯ ಕಿಟಕಿಗಳ ತುಂಬ ಜನ. ಕಾಲ ಕೆಳಗೆ ಸರಿಯುವ ಪಟ್ಟಿಯ ಮೇಲೆ ಅವನನ್ನು ನಿಲ್ಲಿಸಿ, ಮೂಗು ಬಾಯಿ ಮುಚ್ಚುವ ಮುಸುಕು ಹಾಕಿ, ಪಟ್ಟಿಯ ವೇಗ ಏರಿಸುತ್ತಾ ಹೋದರು. ಸಾಮಾನ್ಯ ಮನುಷ್ಯ ಆರು ನಿಮಿಷಕ್ಕೆ ಕೈ ಎತ್ತುತ್ತಾನಂತೆ. ಹದಿಮೂರನೆಯ ನಿಮಿಷದಲ್ಲಿ ಕಿಮೇಲಿ ಮುಸುಕು ಸರಿಸಿ, "ಇನ್ನೂ ಎಷ್ಟೊತ್ತಮ್ಮಾ? ಗಿರಣಿ ತೆಗೀಬೇಕು," ಎಂದ.

ಪ್ರೊಫೆಸರು ಅಂಕಿ ನೋಡಿದರು. ಯಂತ್ರ ಕೆಟ್ಟಿದೆ ಎಂದು ತಾವೇ ಹತ್ತಿ ಓಡಿ ನೋಡಿದರು. ಏಳು ನಿಮಿಷಕ್ಕೆ ಇಳಿದು ಗೋಡೆ ಹಿಡಿದುಕೊಂಡರು. ಯಂತ್ರ ಸರಿಯಾಗಿತ್ತು. ಅವರು ಏದುಸಿರು ಬಿಡುತ್ತಾ ಪಟ್ಟಿಯಲ್ಲಿ ಕಿಮೇಲಿಯ ಹೆಸರಿನ ಮೇಲೆ ಗೆರೆ ಎಳೆದರು. "ಇವರು ಓಡೋರು. ದಿನಾ ಬೆಟ್ಟ ಹತ್ತಿ ಇಳಿಯೋರು. ಇವರನ್ನ ಓಡದವರಲ್ಲಿ ಸೇರಿಸ್ಕೊಳ್ಳೋಕಾಗಲ್ಲ."

ಕಿಟಕಿಯಿಂದ ಸುದ್ದಿ ಹೊರಗೆ ಹೋಯಿತು. ಕಿಮೇಲಿ ಓಡ್ತಾನಂತೆ. ಓಡಲ್ಲ ಅಂತ ಸುಳ್ಳು ಹೇಳಿದ್ನಂತೆ. ಹಿಂದಿನ ಸಂಜೆ ಅವನ ಮಾತು ನಂಬಿ ಎದ್ದು ನಿಂತು ಮಾನ ಕಳೆದುಕೊಂಡಿದ್ದ ಮೂವತ್ತಾರು ಜನರಿಗೂ ಮೈ ಉರಿಯಿತು.

ಲಾಗಟ್ ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಕೈಯಲ್ಲಿ ಕೋಲಿರಲಿಲ್ಲ. "ಏನು ಬೀಗರೇ ಇದು? ಮೊದಲು ಓಡ್ತೀನಿ ಅಂದ್ರಿ, ಒಪ್ಪಿದೆ. ಓಡಲ್ಲ ಅಂದ್ರಿ, ಅದಕ್ಕೂ ಒಪ್ಪಿ ಇಡೀ ಊರ ಮುಂದೆ ಬೆತ್ತಲಾದೆ. ಈಗ ಯಂತ್ರ ಬೇರೆ ಹೇಳ್ತಿದೆ. ಎರಡು ನಾಲಿಗೆ ಇರೋ ಮನೆ ಜೊತೆ ನಾನು ಹೇಗೆ ಸಂಬಂಧ ಮಾಡ್ಲಿ?"

ಸಿಗ್ನೆ ಗಡಿಯಾರ ಹಿಡಿದು ನಿಂತಿದ್ದಳು. "ಆದ್ರೆ ಈ ಅಂಕಿಗಳು? ಎರಡು ವಾರ ಇವರು ಕಲ್ಲಿನ ಹಾಗೆ ಕೂತಿದ್ರು," ಎಂದಳು. ಎಲ್ಲರ ಎದುರಿಗೆ ನಾನು ಮುಂದೆ ಹೋಗಿ, ಅದು ನನ್ನ ಎದೆ ತಾಯೀ ಎಂದು ಒಪ್ಪಿಕೊಳ್ಳಬೇಕಾಯಿತು. ಅವಳಿಗೆ ಅರ್ಥವಾಗಲು ಮೂರು ಸಲ ಹೇಳಿದೆ.

ಆಗ ಸೆಲೀನಾ ಕಿಟಕಿಯ ಬಳಿಯಿಂದ ಬಂದು ಗಂಡನ ಪಕ್ಕ ನಿಂತಳು. "ನಾನು ಹೇಳ್ತೀನಿ ಕೇಳಿ ಬೀಗರೇ. ಕೋಚ್ ಬರೋ ಮುಂಚೆ ಇವರು ದಿನಾ ಹಿತ್ತಲ ಬೇಲಿ ಹಾರೋದನ್ನ ನಾನು ಅಡುಗೆಮನೆಯಿಂದ ನೋಡ್ತಿದ್ದೆ. ಮೊದಲು ಕಣಿವೇಲಿ ಯಾರನ್ನೋ ಇಟ್ಕೊಂಡಿದ್ದಾರೆ ಅಂದ್ಕೊಂಡೆ. ನಾದಿನಿಗೆ ಫೋನ್ ಮಾಡಿದೆ. ಬರ್ತಾನೆ, ಒಂದು ಚೊಂಬು ನೀರು ಕುಡಿದು, ಟೈಮೆಷ್ಟು ಅಂತ ಕೇಳಿ ಹೊರಟುಹೋಗ್ತಾನೆ ಅಂದಳು. ಓಡಬಾರ್ದು ಅಂತ ಈ ಹುಡುಗಿಗೆ ಮಾತು ಕೊಟ್ಟಿದ್ರಂತೆ. ಅದನ್ನ ಉಳಿಸ್ಕೊಳ್ಳೋಕೆ ಅಷ್ಟು ಓಡಿದ್ದಾರೆ. ಇಪ್ಪತ್ತಾರು ವರ್ಷ ಸಂಸಾರ ಮಾಡಿದ್ದೀನಿ. ಒಂದು ಕೆಲಸಕ್ಕಾದ್ರೂ ಈ ಮನುಷ್ಯ ಅವಸರ ಪಟ್ಟಿದ್ದು ಇದೇ ಮೊದಲು."

"ದಿನಾ ಕಣಿವೆಗೆ?" ಎಂದರು ಕೋಚ್ ಬಾರ್ನ್‌ಗೆಟುನಿ. "ಇಳಿದು, ಹತ್ತಿ, ಒಂಬತ್ತಕ್ಕೆ ಗಿರಣಿ?"

"ಕಳೆದ ವಾರದಿಂದ ಎಂಟೂವರೆಗೆ," ಎಂದ ಕಿಮೇಲಿ, ಇನ್ನೊಂದು ತಪ್ಪು ಒಪ್ಪಿಕೊಳ್ಳುವವನಂತೆ.

ಕೋಚ್ ಸೀಟಿಯನ್ನು ಕೊರಳಿಂದ ತೆಗೆದು ಜೇಬಿಗೆ ಹಾಕಿಕೊಂಡರು. ಅವರ ನಲವತ್ತು ಜನರಲ್ಲಿ ಅದನ್ನು ದಿನವೂ ಮಾಡುವವರು ಒಬ್ಬರೂ ಇರಲಿಲ್ಲ ಎಂದು ಆಮೇಲೆ ನನ್ನ ಹೋಟೆಲಿನಲ್ಲಿ ಕೂತು ಹೇಳಿದರು.

ಲಾಗಟ್ ಕಿಮೇಲಿಯ ಹತ್ತಿರ ಬಂದರು. "ಹೊರಗಿನೋರ ಹುಡುಗಿಗೆ ಕೊಟ್ಟ ಮಾತಿಗೆ ಹದಿನಾಲ್ಕು ದಿನ ಕಣಿವೆ ಹತ್ತಿದೋರು, ನನ್ನ ಮಗನಿಗೆ ಕೊಟ್ಟ ಮಾತು ತಪ್ಪೋದಿಲ್ಲ," ಎಂದರು. "ಶನಿವಾರ ಬರ್ತೀವಿ. ಆದ್ರೆ ಒಂದು ಷರತ್ತು."

"ಹೇಳಿ ಬೀಗರೇ."

"ನಮ್ಮನ್ನ ಎದುರುಗೊಳ್ಳೋಕೆ ನೀವು ನಡ್ಕೊಂಡು ಬರ್ಬೇಕು. ನೀವು ಓಡಿ ಬಂದ್ರೆ ಮರ್ಯಾದೆಗೆ ನಾನೂ ಓಡಬೇಕಾಗುತ್ತೆ. ನನ್ನ ಸರದಿ ಮಧ್ಯಾಹ್ನ ಇದೆ, ನಾನು ರುಜು ಹಾಕಿದ್ದೀನಿ."

ಕಿಮೇಲಿಯ ಜಾಗದಲ್ಲಿ ಹತ್ತನೆಯವನಾಗಿ ನನ್ನನ್ನೇ ಸೇರಿಸಿಕೊಂಡರು; ನಾನು ಮೂರೂವರೆ ನಿಮಿಷಕ್ಕೆ ಕೈ ಎತ್ತಿ, ಸಿಗ್ನೆಯಿಂದ ಅಪ್ಪುಗೆ ಪಡೆದೆ.

ಶನಿವಾರ ಬೆಳಗ್ಗೆ ಗಂಡಿನ ಕಡೆಯವರು ರಸ್ತೆಯ ಆ ತುದಿಯಲ್ಲಿ ಬಸ್ಸಿಳಿದರು. ಈ ತುದಿಯಲ್ಲಿ ಕಿಮೇಲಿ, ಸೆಲೀನಾ, ಹಿಂದೆ ಹಾಡುವ ಹೆಂಗಸರು. ನಡುವೆ ಇದ್ದದ್ದು ಹೆಚ್ಚೆಂದರೆ ಇನ್ನೂರು ಹೆಜ್ಜೆ. ಬೀಗರಿಬ್ಬರೂ ಒಬ್ಬರ ಮೇಲೊಬ್ಬರು ಕಣ್ಣಿಟ್ಟು, ಯಾರೊಬ್ಬರೂ ಅಪ್ಪಿತಪ್ಪಿ ಓಡಿದರು ಅನ್ನಿಸಬಾರದೆಂದು, ಒಂದೊಂದು ಹೆಜ್ಜೆಯನ್ನೂ ಅಳೆದು ಇಡುತ್ತಾ ಬಂದರು. ಹೆಂಗಸರ ಹಾಡು ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು. ಅಭ್ಯಾಸಕ್ಕೆ ಹೊರಟಿದ್ದ ನಲವತ್ತು ಓಟಗಾರರು ಇವರನ್ನು ದಾಟಿ ಹೋಗಲು ಧೈರ್ಯವಾಗದೆ, ಹಿಂದೆ ಸಾಲಾಗಿ, ಉಸಿರು ಬಿಗಿಹಿಡಿದು ನಡೆದು ಬಂದರು. ಅಪ್ಪಂದಿರಿಬ್ಬರೂ ನನ್ನ ಹೋಟೆಲಿನ ಮುಂದೆ ಕೈ ಕುಲುಕುವ ಹೊತ್ತಿಗೆ ಜೆಬೆಟ್ ಮತ್ತು ಆ ಹುಡುಗ ಒಳಗೆ ನನ್ನ ಬೆಂಚಿನ ಮೇಲೆ ಕೂತು ಎರಡನೆಯ ಚಹಾ ಮುಗಿಸಿದ್ದರು.